ಚಿತ್ರದ ಬೆನ್ನಿನ ಬರಹ

ಈ ವಾರ ಹೇಳಬೇಕಿದ್ದದ್ದು ರಿಚರ್ಡ್ ಎಟಿಂಗ್‌ಹೌಸನ್ ಅವರ ‘ಅರಬ್ ಪೇಂಟಿಂಗ್’ ವಿಚಾರ. ಸ್ಕೀರಾ ಪ್ರಕಾಶನ 1962ರಲ್ಲಿ ತಂದ ಈ ಪುಸ್ತಕದಲ್ಲಿ ವರ್ಣಚಿತ್ರಗಳನ್ನು ಬೇರೆಯಾಗಿ ಮುದ್ರಿಸಿ, ಒಂದೊಂದಾಗಿ ಪುಟಕ್ಕೆ ಅಂಟಿಸಿದ್ದಾರೆ. ಯಹ್ಯಾ ಅಲ್‌ ವಾಸಿತಿ 1237ರಲ್ಲಿ ಹರೀರಿಯ ‘ಮಕಾಮಾತ್’ಗೆ ಬರೆದ ಚಿತ್ರಗಳನ್ನು ಅವುಗಳಿರುವ ಪ್ಯಾರಿಸ್ಸಿಗೆ ಹೋಗಲಾರದವರ ಮನೆಗೆ ತಂದುಕೊಟ್ಟದ್ದು ಇಂಥ ಪುಸ್ತಕಗಳೇ. ಆದರೆ ಅಂಟಿಸಿದ ಚಿತ್ರವನ್ನು ಮೆಲ್ಲಗೆ ಎತ್ತಿದರೆ ಅಡಿಯಲ್ಲಿ ಕಾಣುವುದು ಬರೀ ಖಾಲಿ ಕಾಗದ.

ಆ ಖಾಲಿ ಕಾಗದದಿಂದ ಮಾತು, ಬೆನ್ನ ಮೇಲೆ ಬರಹ ಹೊತ್ತ ಆದವಾನಿಯ ಚಿತ್ರಗಳತ್ತ ಹೊರಳುತ್ತದೆ.

ಆದವಾನಿಯ ನವಾಬನೆಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಮಾಂಸದ ತಟ್ಟೆ ಹೂಹಣ್ಣಾದ ಕಥೆ, ರಾಯರಿಗೆ ಮಂಚಾಲೆಯನ್ನು ಬಿಟ್ಟುಕೊಟ್ಟ ಕಥೆ. ಆ ನವಾಬನೇ ಸಿದ್ದಿ ಮಸೂದ್ ಖಾನ್. ಊರಿನ ಜಾಮಿಯಾ ಮಸೀದಿಯನ್ನು ಕಟ್ಟಿಸಿದವನೂ ಅವನೇ. ಚಿತ್ರ, ಪುಸ್ತಕಗಳ ಮೇಲೆ ಅವನಿಗಿದ್ದ ಪ್ರೀತಿಯ ಸುದ್ದಿ ಮಾತ್ರ ಆ ಕಥೆಯ ನೆರಳಲ್ಲೇ ಉಳಿದುಬಿಟ್ಟಿದೆ. 1686ರಲ್ಲಿ ಬಿಜಾಪುರ ಬಿದ್ದ ಮೇಲೆ ಆದವಾನಿಯೂ ಮೊಘಲರ ವಶವಾಯಿತು. ಅವರ ಸೇನಾನಿಯಾಗಿ ಬಂದ ಬಿಕಾನೇರಿನ ದೊರೆ ಅನೂಪ್ ಸಿಂಗ್ ದಖನಿ ಚಿತ್ರಗಳನ್ನೂ ಹಸ್ತಪ್ರತಿಗಳನ್ನೂ ತನ್ನೂರಿಗೆ ಸಾಗಿಸಿದ. 1698ರಲ್ಲಿ ಆದವಾನಿಯಲ್ಲೇ ತೀರಿಕೊಂಡ. ಆ ಚಿತ್ರಗಳು ಎಲ್ಲಿಂದ ಬಂದವೆಂದು ಹೇಳುವುದು ಹಲವು ಚಿತ್ರಗಳ ಬೆನ್ನ ಮೇಲೆ ಬಿಕಾನೇರಿನವರು ನಾಗರಿ ಲಿಪಿಯಲ್ಲಿ ಬರೆದಿಟ್ಟ ಟಿಪ್ಪಣಿ.

ಇಲ್ಲಿಯೇ ಹಳೆಯ ಜಗಳ. ಕಲಾಪುಸ್ತಕ ಮಾಡುವ ಒಂದು ಪಂಥಕ್ಕೆ ಮುಖದ ಬಣ್ಣವೊಂದೇ ಸಾಕು. ಅಂಚು ಕತ್ತರಿಸಿ, ಚಿತ್ರವನ್ನು ಹಿಗ್ಗಿಸಿ, ನುಣುಪು ಕಾಗದದ ತುಂಬ ಹರಡುತ್ತಾರೆ. ಮುದ್ರೆ, ಅಂಚಿನ ಬರಹ, ಹಿಂಬದಿಯ ಟಿಪ್ಪಣಿ ಎಲ್ಲವೂ ಕತ್ತರಿಯ ಪಾಲು. ಹಾಗೆ ಅಚ್ಚಾದ ಚಿತ್ರಕ್ಕೆ ಬಣ್ಣವಿರುತ್ತದೆ, ಊರಿರುವುದಿಲ್ಲ.

ಬಿಜಾಪುರದ ಅಸರ್ ಮಹಲಿನ ಗ್ರಂಥಗಳನ್ನೇ ನೋಡಿ. ಅವುಗಳಲ್ಲಿ ಬಹುಪಾಲು ಅರಬ್ಬಿಯವು. 1853ರಲ್ಲಿ ಅವು ಲಂಡನ್ನಿಗೆ ಹೋದವು. ಒಟ್ಟೊ ಲೋಟ್ 1877ರಲ್ಲಿ ಪ್ರಕಟಿಸಿದ ಇಂಡಿಯಾ ಆಫೀಸಿನ ಅರಬ್ಬಿ ಹಸ್ತಪ್ರತಿ ಸೂಚಿಯಲ್ಲಿ ಸೇರಿದವು. ಆದಿಲ್‌ಶಾಹಿ ಮುದ್ರೆಯೂ ಗ್ರಂಥಪಾಲಕರ ನಮೂದುಗಳೂ ಸಿಗುವುದು ಅಲ್ಲಿನ ಪ್ರತಿಗಳ ಮೊದಲ, ಕೊನೆಯ ಹಾಳೆಗಳಲ್ಲಿ. ಪುಸ್ತಕ ಮಾಡುವವರು ಮೊದಲು ಕೈಬಿಡುವುದೂ ಆ ಹಾಳೆಗಳನ್ನೇ.

ಆದವಾನಿಯ ಚಿತ್ರಗಳನ್ನೆಲ್ಲ ಒಂದೆಡೆ ತರುವ ಕನ್ನಡ ಪುಸ್ತಕವೊಂದು ಆಗಲೇಬೇಕು. ಎಡಪುಟದಲ್ಲಿ ಚಿತ್ರದ ಮುಖ, ಬಲಪುಟದಲ್ಲಿ ಅದರ ಬೆನ್ನು, ಎರಡೂ ಒಂದೇ ಅಳತೆಯಲ್ಲಿ ಇರಲಿ. ಇಂಥ ಬರಹದ ಬೆಲೆ ತಿಳಿಯಲು ಮತ್ತೆ ವಾಸಿತಿಯನ್ನು ನೆನೆದರೆ ಸಾಕು: ‘ಮಕಾಮಾತ್’ ಪ್ರತಿಯನ್ನು ನಕಲು ಮಾಡಿದವನೂ ಚಿತ್ರಿಸಿದವನೂ ವಾಸಿತಿಯೇ ಎಂದು ಗೊತ್ತಾದದ್ದು ಕೃತಿ ಮುಗಿದಲ್ಲಿ ಅವನೇ ಬರೆದಿಟ್ಟ ನಾಲ್ಕು ಮಾತಿನಿಂದ. ಎಟಿಂಗ್‌ಹೌಸನ್ ಪುಸ್ತಕದ ಮಾತು ಮುಂದಿನ ವಾರಕ್ಕೆ.