ಗವೀಪುರದ ಬೆಳಕೂ ನಮ್ಮ ಬರವಣಿಗೆಯೂ

ಕನ್ನಡದಲ್ಲಿ ಪ್ರತಿ ವರ್ಷವೂ ತಪ್ಪದೆ ಹುಟ್ಟುವ ಒಂದು ಬಗೆಯ ಗದ್ಯವಿದೆ. ನಮ್ಮ ವಿಮರ್ಶಕರು ಅದರ ಕಡೆಗೆ ಕಣ್ಣು ಹಾಯಿಸಿದಂತಿಲ್ಲ. ಮಕರ ಸಂಕ್ರಾಂತಿಯ ಆಸುಪಾಸಿನಲ್ಲಿ ಬಸವನಗುಡಿಗೆ ಸೇರಿದಂತಿರುವ ಗವೀಪುರದ ಗಂಗಾಧರೇಶ್ವರ ದೇವಾಲಯವನ್ನು ಕುರಿತು ಬರುವ ಲೇಖನಗಳನ್ನು ನಾನು ಹೇಳುತ್ತಿದ್ದೇನೆ. ಇವನ್ನು ಸಾಹಿತ್ಯವೆಂದು ಕರೆಯಬಹುದೆ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ಊರಿನ ಬಹುಮಂದಿ ಆಕಾಶದ ವಿಷಯವಾಗಿ ವರ್ಷದಲ್ಲಿ ಓದುವುದು ಇದೊಂದನ್ನೇ. ಆದುದರಿಂದ ಅದನ್ನು ಬರವಣಿಗೆಯೆಂದು ಭಾವಿಸಿ ತೂಗಿನೋಡುವುದು ಅನುಚಿತವಾಗಲಾರದು.

ವಿಷಯ ಎಲ್ಲರಿಗೂ ತಿಳಿದದ್ದೇ. ಬಂಡೆಯನ್ನು ಕೊರೆದು ಮಾಡಿದ ಗುಡಿ. ಹದಿನಾರನೆಯ ಶತಮಾನದಲ್ಲಿ ಕೆಂಪೇಗೌಡರು ಜೀರ್ಣೋದ್ಧಾರ ಮಾಡಿಸಿದರೆಂದು ಪ್ರತೀತಿ. ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನಗಳೆಂಬ ಎರಡು ದೊಡ್ಡ ಕಲ್ಲಿನ ತಟ್ಟೆಗಳು ಕಂಬದ ಮೇಲೆ ನಿಂತಿವೆ. ಸಂಕ್ರಾಂತಿಯ ಸಂಜೆ ಇಳಿಬಿಸಿಲು ನಂದಿಯ ಕೊಂಬುಗಳ ನಡುವೆ ಹಾಯ್ದು, ಗವಿಯೊಳಗಿನ ಲಿಂಗವನ್ನು ಕೆಲವು ನಿಮಿಷ ಬೆಳಗುತ್ತದೆ.

ಇದನ್ನು ಕುರಿತ ಲೇಖನಗಳು ಎರಡು ಜಾತಿ. ಮೊದಲನೆಯದಕ್ಕೆ ‘ವಿಸ್ಮಯ’ ಎಂಬ ಮಾತು ಊರುಗೋಲು. ಸೂರ್ಯನು ಪಥ ಬದಲಿಸಿ ಶಿವನಿಗೆ ನಮಿಸಿದನೆಂದೂ, ಇಂಥ ಅದ್ಭುತ ವರ್ಷಕ್ಕೊಮ್ಮೆ ಮಾತ್ರವೆಂದೂ, ವಿಜ್ಞಾನಕ್ಕೆ ಇದು ಸವಾಲೆಂದೂ ಅದು ಸಾರುತ್ತದೆ. ಎರಡನೆಯ ಜಾತಿ ಇದನ್ನು ಕಂಡು ಮೂಗು ಮುರಿಯುತ್ತದೆ: ಇದೆಲ್ಲ ಬರಿಯ ಭೂಮಿಯ ಚಲನೆ, ಜನ ಮೂಢರು ಎಂದಿಷ್ಟು ಹೇಳಿ ಕೈತೊಳೆದುಕೊಳ್ಳುತ್ತದೆ. ಮೇಲ್ನೋಟಕ್ಕೆ ಇವು ಬದ್ಧವೈರಿಗಳು. ನನಗೆ ಕಾಣುವಂತೆ ಎರಡರ ದೋಷವೂ ಒಂದೇ: ಇಬ್ಬರೂ ಬಿಸಿಲನ್ನು ನೋಡಿಲ್ಲ.

ನೋಡಿದವರು ಇದ್ದಾರೆ. ಬಿ. ಎಸ್. ಶೈಲಜಾ ಮತ್ತು ಸಂಗಡಿಗರು ಈ ಗುಡಿಯನ್ನು ಅಳೆದು, 2008ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅದರ ಪ್ರಕಾರ ಬೆಳಕು ಲಿಂಗವನ್ನು ಮುಟ್ಟುವುದು ವರ್ಷಕ್ಕೊಮ್ಮೆಯಲ್ಲ, ಎರಡು ಸಲ: ಜನವರಿ ಮಧ್ಯದಲ್ಲಿ ಕೆಲವು ದಿನ, ನವೆಂಬರ್ ಕೊನೆಯಿಂದ ಡಿಸೆಂಬರ್ ಮೊದಲವರೆಗೆ ಕೆಲವು ದಿನ. 1792ರಲ್ಲಿ ಡೇನಿಯಲ್ ಚಿತ್ರಕಾರರು ಬರೆದ ಚಿತ್ರದೊಡನೆ ಹೋಲಿಸಿ, ಗುಡಿಯ ಕಟ್ಟಡ ಆಮೇಲೆ ಬಹಳ ಮಾರ್ಪಟ್ಟಿದೆಯೆಂಬುದನ್ನೂ ಅವರು ತೋರಿಸಿದರು.

ಎರಡು ಸಲ ಏಕೆ? ಭೂಮಿಯ ಅಕ್ಷ ಸುಮಾರು ಇಪ್ಪತ್ಮೂರೂವರೆ ಡಿಗ್ರಿ ಓರೆಯಾಗಿದೆ. ಆದುದರಿಂದ ಅದು ಸೂರ್ಯನ ಸುತ್ತ ಸಾಗುತ್ತಿರುವಾಗ ಮುಳುಗುವ ಸೂರ್ಯನ ಜಾಗ ದಿನದಿನವೂ ಸರಿಯುತ್ತದೆ. ಡಿಸೆಂಬರ್ 21 ಅಥವಾ 22ರಂದು ಬೆಂಗಳೂರಿನಲ್ಲಿ ಅದು ನೇರ ಪಡುವಣಕ್ಕಿಂತ ಸುಮಾರು 24 ಡಿಗ್ರಿ ದಕ್ಷಿಣಕ್ಕಿರುತ್ತದೆ, ಅಲ್ಲಿಂದ ಹಿಂದಿರುಗುತ್ತದೆ. ಹೋಗುವಾಗ ಹಾದ ಜಾಗವನ್ನು ಬರುವಾಗಲೂ ಹಾಯಲೇಬೇಕಷ್ಟೆ. ಜನವರಿ 14ಕ್ಕೂ ಆ ತಿರುವಿಗೂ ಇರುವ ಅಂತರ ಸುಮಾರು 24 ದಿನ. ತಿರುವಿನಿಂದ ಹಿಂದಕ್ಕೆ ಅಷ್ಟೇ ದಿನ ಎಣಿಸಿದರೆ ನವೆಂಬರ್ ಕೊನೆ ಬರುತ್ತದೆ. ಬೆರಳೆಣಿಕೆಯ ಲೆಕ್ಕ! ವಿಸ್ಮಯದ ಲೇಖಕರು ಇದನ್ನು ಮಾಡಲಿಲ್ಲ, ಮೂದಲಿಸಿದವರೂ ಮಾಡಲಿಲ್ಲ.

ಇಲ್ಲಿ ಇನ್ನೊಂದು ಮಾತು ಹೊರಬೀಳುತ್ತದೆ. ಸೂರ್ಯನು ಉತ್ತರಕ್ಕೆ ತಿರುಗುವುದು ಡಿಸೆಂಬರಿನಲ್ಲಾದರೆ, ‘ಸಂಕ್ರಾಂತಿಯಿಂದ ಉತ್ತರಾಯಣ’ ಎಂದು ನಾವೇಕೆ ಬರೆಯುತ್ತೇವೆ? ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ಓಲಾಡುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ. ನಮ್ಮ ಪಂಚಾಂಗದ ಸಂಕ್ರಾಂತಿ ನಕ್ಷತ್ರಗಳನ್ನು ಹಿಡಿದು ಎಣಿಸಿದ್ದು; ಋತುವಿನ ತಿರುವಾದರೋ ಅಕ್ಷವನ್ನು ಅನುಸರಿಸುತ್ತದೆ. ಇವೆರಡೂ ಸುಮಾರು 1,700 ವರ್ಷಗಳ ಹಿಂದೆ ಕೂಡಿದ್ದವು. ಆಮೇಲೆ ಎಪ್ಪತ್ತು ವರ್ಷಕ್ಕೆ ಒಂದು ದಿನದಂತೆ ಅಗಲುತ್ತ ಬಂದಿವೆ. ಕೆಂಪೇಗೌಡರ ಕಾಲದಲ್ಲಿ ಸಂಕ್ರಾಂತಿ ಈಗಿನ ಲೆಕ್ಕಕ್ಕೆ ಸುಮಾರು ಒಂದು ವಾರ ಮೊದಲೇ ಬರುತ್ತಿತ್ತು. ಆ ದಿನ ಸೂರ್ಯ ಮುಳುಗುತ್ತಿದ್ದ ಜಾಗವೂ ಸ್ವಲ್ಪ ಬೇರೆ. ಹೀಗಿರುವಾಗ, ಇಂದಿನ ಹಬ್ಬದ ದಿನಕ್ಕೆಂದೇ ಅಂದಿನವರು ಕಂಡಿಯನ್ನು ಗುರಿಯಿಟ್ಟರೆಂದು ನಿಶ್ಚಯವಾಗಿ ಬರೆಯುವುದು ಸಾಹಸವೇ ಸರಿ. ಇದರಿಂದ ಹಬ್ಬಕ್ಕೇನೂ ಕುಂದಿಲ್ಲ. ಎಳ್ಳುಬೆಲ್ಲ ಜನವರಿಯಲ್ಲೇ ಹಂಚೋಣ. ಆದರೆ ‘ಉತ್ತರಾಯಣ’ವೆಂಬ ಅರ್ಥವತ್ತಾದ ಪದ ಬಾಯಿಪಾಠದ ಪದವಾಗಿಬಿಟ್ಟಿದೆಯೆಂಬುದು ಭಾಷೆಯ ಮಟ್ಟಿಗೆ ನಷ್ಟ.

‘ಗ್ರಹ’ ಎಂಬ ಪದಕ್ಕೂ ಇದೇ ಗತಿ. ನವಗ್ರಹಗಳಲ್ಲಿ ಸೂರ್ಯ ಚಂದ್ರರಿದ್ದಾರೆ, ಚಂದ್ರನ ದಾರಿ ಸೂರ್ಯನ ದಾರಿಯನ್ನು ಕತ್ತರಿಸುವ ಎರಡು ಬಿಂದುಗಳಾದ ರಾಹು ಕೇತುಗಳಿದ್ದಾರೆ. ನಾವು ನಿಂತ ಭೂಮಿಯೇ ಇಲ್ಲ. ಶಾಲೆಯ ಪುಸ್ತಕದ ಎಂಟರಲ್ಲಿ ಭೂಮಿಯಿದೆ, ಸೂರ್ಯನಿಲ್ಲ. 1930ರಲ್ಲಿ ಪ್ಲೂಟೊ ಸೇರಿ ಒಂಬತ್ತಾದಾಗ ಎರಡು ಪಟ್ಟಿಗಳೂ ಒಂದೇ ಎಂಬ ಭ್ರಮೆಗೆ ಅನುಕೂಲವಾಯಿತು. 2006ರಲ್ಲಿ ಅದನ್ನು ಕುಬ್ಜಗ್ರಹವೆಂದು ಬೇರೆ ಇಟ್ಟಮೇಲೆ ಆ ಆಸರೆಯೂ ತಪ್ಪಿತು. ಒಂದು ಪದಕ್ಕೆ ಎರಡು ಅರ್ಥವಿರುವುದು ಅಪರಾಧವಲ್ಲ. ಯಾವ ಅರ್ಥದಲ್ಲಿ ಆಡುತ್ತಿದ್ದೇವೆಂದು ಲೇಖಕನಿಗೆ ಗೊತ್ತಿರಬೇಕು, ಅಷ್ಟೆ.

ಇದು ನಮ್ಮ ಭಾಷೆಯ ಬಡತನವೆಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. 1918ರಲ್ಲೇ ಈ ಊರಿನಿಂದ ‘ವಿಜ್ಞಾನ’ವೆಂಬ ಮಾಸಪತ್ರಿಕೆ ಹೊರಟಿತು. ಅದರ ಸಂಪಾದಕರಲ್ಲೊಬ್ಬರಾದ ಬೆಳ್ಳಾವೆ ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುತ್ತಿದ್ದವರು. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿಗಾಗಿ ಪಂಪಭಾರತವನ್ನು ಪರಿಷ್ಕರಿಸಿಕೊಟ್ಟವರೂ ಅವರೇ. ಪಂಪನ ಪಾಠಾಂತರವನ್ನು ಪರೀಕ್ಷಿಸುವ ಕಣ್ಣು ಬೇರೆ, ಪ್ರಕೃತಿಯನ್ನು ಪರೀಕ್ಷಿಸುವ ಕಣ್ಣು ಬೇರೆ ಎಂದು ಅವರು ಎಣಿಸಿರಲಾರರು. ಪತ್ರಿಕೆ ಎರಡು ವರ್ಷ ಮಾತ್ರ ಬದುಕಿತು. ಮುಂದೆ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಒಬ್ಬರೇ ಬರೆದರು, ಜಿ. ಟಿ. ನಾರಾಯಣರಾಯರು ನಕ್ಷತ್ರಗಳ ವಿಷಯವಾಗಿ ಬಾಳಿನುದ್ದಕ್ಕೂ ಬರೆದರು. ಪದಗಳೂ ಇವೆ, ಗದ್ಯವೂ ಇದೆ. ಜನವರಿಯ ಲೇಖಕರು ಅದನ್ನು ಕಪಾಟಿನಿಂದ ಇಳಿಸುತ್ತಿಲ್ಲ.

ಭಕ್ತಿಯ ಪ್ರಸಂಗದಲ್ಲಿ ಗಣಿತವೇಕೆ ಎಂಬ ಆಕ್ಷೇಪ ಬರಬಹುದು. ಅದನ್ನು ಲಘುವಾಗಿ ತಳ್ಳಲಾರೆ. ಸಂಜೆಯ ನೂಕುನುಗ್ಗಲಿನಲ್ಲಿ ಕೈಮುಗಿದು ನಿಂತವರು ಲೆಕ್ಕ ಕೇಳಲು ಬಂದವರಲ್ಲ. ಆದರೆ ಆ ಬಿಸಿಲು ಸುಮಾರು 15 ಕೋಟಿ ಕಿಲೋಮೀಟರ್ ದಾಟಿ, ಎಂಟು ನಿಮಿಷ ಇಪ್ಪತ್ತು ಸೆಕೆಂಡಿನಲ್ಲಿ ಬಂದದ್ದೆಂದು ತಿಳಿದವನ ಕೈ ಸಡಿಲವಾಗುವುದೆಂದು ನನಗೆ ತೋರುವುದಿಲ್ಲ. ಭೂಮಿ ಸೂರ್ಯನಿಗೆ ಅತ್ಯಂತ ಹತ್ತಿರ ಬರುವುದು ಜನವರಿಯ ಮೊದಲ ವಾರದಲ್ಲಿ, ನಮಗೆ ಚಳಿಯಿರುವಾಗಲೇ ಎಂಬುದನ್ನು ಅರಿತವನಿಗೆ ಬೆರಗು ಹೆಚ್ಚುತ್ತದೆಯೇ ಹೊರತು ಕಡಮೆಯಾಗದು.

ಪರೀಕ್ಷೆಗೆ ಗುಡಿಯೇ ಆಗಬೇಕೆಂದಿಲ್ಲ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಬೆಂಗಳೂರಿನಲ್ಲಿ ನಡುಹಗಲು ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳದು. ಇದೂ ಎರಡು ಸಲ. ಜೂನ್ 21ರ ತಿರುವಿನಿಂದ ಅತ್ತ 58 ದಿನ, ಇತ್ತ 58 ದಿನ. ಗವಿಯ ನಿಯಮವೇ ಮಲ್ಲೇಶ್ವರದ ಮನೆಯಂಗಳದಲ್ಲೂ ನಡೆಯುತ್ತದೆ.

ಆದುದರಿಂದ ಸಂಪಾದಕ ಮಹಾಶಯರಲ್ಲಿ ನನ್ನದೊಂದು ಬಿನ್ನಹ. ಗವೀಪುರದ ಲೇಖನವನ್ನು ಈ ಸಲ ನವೆಂಬರ್ ಕೊನೆಯ ವಾರದಲ್ಲಿ ಬರೆಸಿರಿ. ಆಗ ಹಬ್ಬವಿಲ್ಲ, ಗದ್ದಲವಿಲ್ಲ. ‘ಪಥ ಬದಲಿಸಿದ’ ಎಂಬ ಸಿದ್ಧವಾಕ್ಯವೂ ಒದಗಿಬರುವುದಿಲ್ಲ. ಲೇಖಕರು ಸಂಜೆ ಅಲ್ಲಿಗೆ ಹೋಗಿ, ಬಿಸಿಲು ಎಲ್ಲಿಂದ ಬಂದು ಎಲ್ಲಿ ಬಿದ್ದಿತೆಂದು ಕಂಡು ಬರೆಯಬೇಕಾಗುತ್ತದೆ.