ವಿಲಕ್ಷಣರ ದಂಡು: ಡೂಮ್ ಪಟ್ರೋಲ್ ಓದುವ ಬಗೆ

ಸೂಪರ್ ಹೀರೋ ಕಾಮಿಕ್ಸನ್ನು ಹೊಸದಾಗಿ ಕೈಗೆತ್ತಿಕೊಳ್ಳುವವರಿಗೆ ನನ್ನದೊಂದು ವಿಚಿತ್ರ ಸಲಹೆಯಿದೆ. ಮೊದಲ ಓದಿನಲ್ಲಿ ಹೊಡೆದಾಟದ ಪುಟಗಳನ್ನು ಸರಸರನೆ ತಿರುವಿಹಾಕಿ. ಹೊಡೆದಾಟ ಮುಗಿಸಿ ಮನೆಗೆ ಬಂದವರು ಹೇಗೆ ಮಾತಾಡುತ್ತಾರೆ, ಯಾರು ಯಾರ ಮೇಲೆ ಸಿಡುಕುತ್ತಾರೆ, ಯಾರು ಮೂಲೆ ಹಿಡಿದು ಕೂರುತ್ತಾರೆ ಎಂಬುದನ್ನು ನಿಧಾನವಾಗಿ ನೋಡಿ. ಈ ಅಭ್ಯಾಸಕ್ಕೆ 1963ರಲ್ಲಿ ಅಮೆರಿಕದಲ್ಲಿ ಹುಟ್ಟಿದ 'ಡೂಮ್ ಪಟ್ರೋಲ್'ಗಿಂತ ಒಳ್ಳೆಯ ಪಠ್ಯ ಸಿಗುವುದು ಕಷ್ಟ.

ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ಬರುತ್ತಿದ್ದ ಕಾಲದ ಓದುಗರಿಗೆ ಫ್ಯಾಂಟಮ್ ಗೊತ್ತು, ಮಾಂಡ್ರೇಕ್ ಗೊತ್ತು. ಇಬ್ಬರೂ ಸುಂದರಾಂಗರು, ತಮ್ಮ ಬದುಕಿನ ಬಗ್ಗೆ ದೂರಿಲ್ಲದವರು. ಆ ನಿರೀಕ್ಷೆಯನ್ನು ಸ್ವಲ್ಪ ಪಕ್ಕಕ್ಕಿಡಿ. ಇಲ್ಲಿ ಬರುವವರಿಗೆ ತಮ್ಮ ಶಕ್ತಿಯೇ ಬೇಡವಾಗಿದೆ.

ಇವರು ಹುಟ್ಟಿದ್ದು ವ್ಯಾಪಾರದ ತುರ್ತಿನಿಂದ. ಡಿಸಿ ಸಂಸ್ಥೆಯ 'ಮೈ ಗ್ರೇಟೆಸ್ಟ್ ಅಡ್ವೆಂಚರ್' ಬಿಡಿ ಸಾಹಸಕಥೆಗಳ ಪತ್ರಿಕೆ. 1961ರಲ್ಲಿ ಮಾರ್ವೆಲ್‌ನ 'ಫೆಂಟಾಸ್ಟಿಕ್ ಫೋರ್' ಬಂದ ಮೇಲೆ ಜಗಳಗಂಟ ಸೂಪರ್ ಹೀರೋಗಳ ಗಾಳಿ ಬೀಸತೊಡಗಿತ್ತು. ಸಂಪಾದಕ ಮರ್ರಿ ಬೋಲ್ಟಿನಾಫ್ ತನ್ನ ಪತ್ರಿಕೆಗೂ ಅಂಥದ್ದೊಂದು ಬೇಕೆಂದು ಲೇಖಕ ಅರ್ನಾಲ್ಡ್ ಡ್ರೇಕ್‌ಗೆ ಹೇಳಿದ. ಸಮಯ ಬಹಳ ಕಡಿಮೆ ಇದ್ದುದರಿಂದ ಡ್ರೇಕ್ ತನ್ನ ಜೊತೆಗಾರ ಲೇಖಕ ಬಾಬ್ ಹೇನಿಯನ್ನು ಸೇರಿಸಿಕೊಂಡ. ಚಿತ್ರ ಬರೆದವನು ಟ್ರಿಯೆಸ್ಟ್‌ನಲ್ಲಿ ಹುಟ್ಟಿ ಅರ್ಜೆಂಟೀನಾಕ್ಕೆ ವಲಸೆ ಹೋಗಿದ್ದ ಬ್ರೂನೊ ಪ್ರೆಮಿಯಾನಿ. ಜೂನ್ 1963ರ 80ನೇ ಸಂಚಿಕೆಯಲ್ಲಿ ತಂಡ ಬಂತು. 86ನೇ ಸಂಚಿಕೆಯ ಹೊತ್ತಿಗೆ ಪತ್ರಿಕೆಯ ಹೆಸರೇ 'ಡೂಮ್ ಪಟ್ರೋಲ್' ಆಯಿತು.

ತಂಡದಲ್ಲಿರುವವರು ಮೂವರು. ಕ್ಲಿಫ್ ಸ್ಟೀಲ್ ರೇಸ್ ಕಾರಿನ ಚಾಲಕ. ಅಪಘಾತದಲ್ಲಿ ದೇಹವೆಲ್ಲ ಹೋಗಿ ಉಳಿದದ್ದು ಮಿದುಳು ಮಾತ್ರ, ಅದು ಈಗ ಲೋಹದ ಮೈಯಲ್ಲಿದೆ. ಲ್ಯಾರಿ ಟ್ರೇನರ್ ಪರೀಕ್ಷಾರ್ಥ ವಿಮಾನ ಹಾರಿಸುವವನು. ಆಕಾಶದಲ್ಲಿ ವಿಕಿರಣಕ್ಕೆ ಸಿಕ್ಕ ಅವನ ಮೈ ಈಗ ಹತ್ತಿರ ಬಂದವರಿಗೆ ಅಪಾಯಕಾರಿ; ಹಾಗಾಗಿ ತಲೆಯಿಂದ ಕಾಲಿನವರೆಗೆ ವಿಶೇಷ ಬ್ಯಾಂಡೇಜು. ಅವನೊಳಗಿಂದ ಕಪ್ಪು ನೆರಳಿನಂಥ ಶಕ್ತಿಯೊಂದು ಹೊರಗೆ ಹಾರಿ ಕೆಲಸ ಮಾಡಿ ಬರಬಲ್ಲದು. ರೀಟಾ ಫಾರ್ ಸಿನಿಮಾ ನಟಿ. ಆಫ್ರಿಕಾದಲ್ಲಿ ಚಿತ್ರೀಕರಣದ ವೇಳೆ ಜ್ವಾಲಾಮುಖಿಯ ವಿಚಿತ್ರ ಅನಿಲ ಕುಡಿದು ಬೆಟ್ಟದಷ್ಟು ಬೆಳೆಯುವ, ಇರುವೆಯಷ್ಟು ಕುಗ್ಗುವ ಪಾಡು ಬಂತು. ಇವರನ್ನು ಒಟ್ಟುಗೂಡಿಸಿದ್ದು ಗಾಲಿಕುರ್ಚಿಯಲ್ಲಿ ಕುಳಿತ ವಿಜ್ಞಾನಿ ನೈಲ್ಸ್ ಕಾಲ್ಡರ್. ಎಲ್ಲರ ಬಾಯಲ್ಲಿ ಬರೀ 'ಚೀಫ್'.

ಸೂಪರ್‌ಮ್ಯಾನ್ ಬಟ್ಟೆ ಬದಲಿಸಿ ಕ್ಲಾರ್ಕ್ ಕೆಂಟ್ ಆಗಿ ಕಚೇರಿಗೆ ಹೋಗಬಲ್ಲ. ಕ್ಲಿಫ್‌ಗೆ ಬದಲಿಸಿಕೊಳ್ಳಲು ಮೈಯೇ ಇಲ್ಲ. ಲ್ಯಾರಿ ಬ್ಯಾಂಡೇಜು ಬಿಚ್ಚುವಂತಿಲ್ಲ. ಇವರಿಗೆ ಗಾಯ ಬೇರೆ, ಬಲ ಬೇರೆ ಎಂಬುದಿಲ್ಲ. ಈ ಪ್ರಕಾರದ ಯಾವ ಪಾತ್ರ ಎದುರಾದರೂ ಇದನ್ನೇ ಮೊದಲು ಕೇಳಿಕೊಳ್ಳಿ: ಈ ಶಕ್ತಿಗೆ ಇವನು ತೆತ್ತದ್ದೇನು, ಇನ್ನೂ ತೆರುತ್ತಿರುವುದೇನು? ಉತ್ತರ ಸಿಗದಿದ್ದರೆ ಆ ಪುಸ್ತಕ ಬಹುಶಃ ಬರೀ ವೇಷಭೂಷಣದ ಮೇಲೆ ನಡೆಯುತ್ತಿದೆ.

ಇನ್ನು ಚಿತ್ರ. ಪ್ರೆಮಿಯಾನಿಗೆ ಇಲ್ಲಿ ಸಿಕ್ಕಿದ್ದು ಚಿತ್ರಕಾರರನ್ನು ಹೈರಾಣು ಮಾಡುವ ಸಮಸ್ಯೆ. ಮುಖ್ಯ ಪಾತ್ರಗಳಲ್ಲಿ ಇಬ್ಬರಿಗೆ ಮುಖವೇ ಇಲ್ಲ. ಒಬ್ಬನದು ಅಲುಗಾಡದ ಲೋಹ, ಇನ್ನೊಬ್ಬನದು ಸುತ್ತಿದ ಬಟ್ಟೆ. ಹುಬ್ಬು, ತುಟಿ, ಕಣ್ಣಂಚು ಯಾವುದೂ ಸಹಾಯಕ್ಕೆ ಬರುವುದಿಲ್ಲ. ಆತ ಭಾವವನ್ನೆಲ್ಲ ಭುಜಕ್ಕೆ, ಬೆನ್ನಿಗೆ, ಕೈಯ ಬೆರಳಿಗೆ ಇಳಿಸಿದ. ಕ್ಲಿಫ್ ಸಿಟ್ಟಾದಾಗ ಕತ್ತು ಮುಂದೆ ಬರುತ್ತದೆ. ಸೋತಾಗ ಆ ದೈತ್ಯ ಲೋಹದ ಮೈ ತಾನೇ ತನಗೆ ಭಾರವಾದಂತೆ ಕಾಣುತ್ತದೆ. ರೀಟಾ ಮತ್ತು ಚೀಫ್ ಇಬ್ಬರ ಮುಖವನ್ನು ಮಾತ್ರ ಆತ ಜತನದಿಂದ, ಹೆಚ್ಚುಕಡಿಮೆ ಭಾವಚಿತ್ರದಂತೆ ಬರೆಯುತ್ತಾನೆ. ಆ ಕಾಲದ ಅನೇಕ ಅಮೆರಿಕನ್ ಚಿತ್ರಕಾರರ ಅಬ್ಬರ ಇವನಲ್ಲಿಲ್ಲ. ಅಸಂಭವವಾದದ್ದನ್ನು ನೆರೆಮನೆಯಲ್ಲಿ ನಡೆದಂತೆ ತಣ್ಣಗೆ ಚಿತ್ರಿಸುವುದು ಅವನ ಬಗೆ. ಗೊರಿಲ್ಲಾ ಬಂದೂಕು ಹಿಡಿದು ನಿಂತರೂ ನಂಬಿಕೆ ಬರುವುದು ಅದರಿಂದಲೇ. ಒಮ್ಮೆ ಮಾತಿನ ಗುಳ್ಳೆಗಳನ್ನು ಬೆರಳಿನಿಂದ ಮುಚ್ಚಿ ಪುಟ ನೋಡಿ. ಯಾರು ಯಾರೊಡನೆ ಮುನಿಸಿಕೊಂಡಿದ್ದಾರೆ ಎಂದು ಆಗಲೂ ತಿಳಿಯುತ್ತದೆ.

ಕಾಮಿಕ್ಸ್‌ನಲ್ಲಿ ಕಾಲ ಎಂಬುದು ಕಾಗದದ ಜಾಗ. ಇದನ್ನು ಕಲಿಯಲು ಲ್ಯಾರಿಯೇ ಗುರು. ಅವನ ಕಪ್ಪು ನೆರಳು ಮೈಬಿಟ್ಟು ಹೊರಗಿರಬಹುದಾದದ್ದು 60 ಸೆಕೆಂಡ್ ಮಾತ್ರ. ಅಷ್ಟರಲ್ಲಿ ಹಿಂತಿರುಗದಿದ್ದರೆ ಲ್ಯಾರಿ ಸಾಯುತ್ತಾನೆ, ಆ ಹೊತ್ತಿನಲ್ಲಿ ಅವನ ದೇಹ ನಿತ್ರಾಣವಾಗಿ ಬಿದ್ದಿರುತ್ತದೆ. ಈ ನಿಯಮ ಲೇಖಕನಿಗೆ ವರ, ಚಿತ್ರಕಾರನಿಗೆ ಪರೀಕ್ಷೆ. ಆ ಒಂದು ನಿಮಿಷಕ್ಕೆ ಎಷ್ಟು ಚೌಕಟ್ಟು ಕೊಟ್ಟಿದ್ದಾರೆ, ನೆರಳಿನ ಹಾರಾಟದ ನಡುವೆ ಬಿದ್ದಿರುವ ದೇಹವನ್ನು ಎಷ್ಟು ಸಲ ತೋರಿಸುತ್ತಾರೆ ಎಂದು ಎಣಿಸಿ ನೋಡಿ. ಓದುಗ ಉಸಿರು ಬಿಗಿಹಿಡಿಯುವುದು ಚೌಕಟ್ಟುಗಳ ನಡುವಿನ ಬಿಳಿ ಸಂದಿಯಲ್ಲಿ.

ಖಳರನ್ನು ಹಾಸ್ಯಾಸ್ಪದ ಎಂದು ತಳ್ಳಿಹಾಕಬೇಡಿ. ಹಾಸ್ಯಾಸ್ಪದ ಹೌದು, ಪ್ರಾಣಿ-ಸಸ್ಯ-ಖನಿಜ ಮೂರೂ ಆಗಬಲ್ಲ ಒಬ್ಬನನ್ನು ಗಂಭೀರವಾಗಿ ತೆಗೆದುಕೊಳ್ಳುವುದು ನನಗೂ ಆಗುವುದಿಲ್ಲ. ಆದರೆ 'ಬ್ರದರ್‌ಹುಡ್ ಆಫ್ ಈವಿಲ್' ಎಂಬ ತಂಡವನ್ನು ಹತ್ತಿರದಿಂದ ನೋಡಿ. ಅದರ ನಾಯಕ ಒಂದು ಮಿದುಳು, ಹೆಸರೂ 'ಬ್ರೇನ್'. ಅದನ್ನು ಕಾಯುವವನು ಮಾತಾಡುವ ಗೊರಿಲ್ಲಾ ಮಸ್ಯೂ ಮಲ್ಲಾ. ಜೊತೆಗೆ ಮುಂದೆ ಮೈಯನ್ನು ಬೇಕಾದಂತೆ ಹಿಗ್ಗಿಸಬಲ್ಲವಳಾಗುವ ಮೇಡಮ್ ರೂಜ್. ಮಿದುಳೊಂದೇ ಉಳಿದ ಕ್ಲಿಫ್, ಕುಳಿತಲ್ಲಿಂದಲೇ ಆಳುವ ಚೀಫ್, ಮೈ ಬದಲಿಸುವ ರೀಟಾ ಇವರೆಲ್ಲ ಅಲ್ಲಿ ತಲೆಕೆಳಗಾಗಿ ಕಾಣಿಸುತ್ತಾರೆ.

ರಸಿಕರ ಕೂಟದಲ್ಲಿ ನಿಮಗೆ ಬೇಗನೆ ಕೇಳಿಬರುವ ವ್ಯಾಜ್ಯವೊಂದಿದೆ. ಡೂಮ್ ಪಟ್ರೋಲ್ ಬಂದ ಮೂರೇ ತಿಂಗಳಿಗೆ, ಸೆಪ್ಟೆಂಬರ್ 1963ರ ಸಂಚಿಕೆಯಾಗಿ ಮಾರ್ವೆಲ್‌ನಿಂದ ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿಯ 'ಎಕ್ಸ್-ಮೆನ್' ಬಂತು. ಅಲ್ಲೂ ಗಾಲಿಕುರ್ಚಿಯ ಗುರು, ಅಲ್ಲೂ ಲೋಕ ಒಲ್ಲದ ವಿಲಕ್ಷಣರು. ಮಾರ್ಚ್ 1964ರಲ್ಲಿ ಡೂಮ್ ಪಟ್ರೋಲ್‌ಗೆ 'ಬ್ರದರ್‌ಹುಡ್ ಆಫ್ ಈವಿಲ್' ಎದುರಾದರೆ, ಅದೇ ತಿಂಗಳ ಎಕ್ಸ್-ಮೆನ್‌ನಲ್ಲಿ 'ಬ್ರದರ್‌ಹುಡ್ ಆಫ್ ಈವಿಲ್ ಮ್ಯೂಟೆಂಟ್ಸ್'! ಡ್ರೇಕ್ ಮೊದಮೊದಲು ಕಾಕತಾಳೀಯ ಎಂದುಕೊಂಡಿದ್ದು, ವರ್ಷಗಳು ಕಳೆದಂತೆ ಕದ್ದಿದ್ದಾರೆ ಎಂಬ ಅನುಮಾನಕ್ಕೆ ಬಂದ. ನನಗೆ ಕಾಕತಾಳೀಯವೇ ಹೆಚ್ಚು ಸಂಭವ ಅನಿಸುತ್ತದೆ. ಕಾಮಿಕ್ಸ್ ಸಂಚಿಕೆಗಳ ತಯಾರಿಗೆ ಹಿಡಿಯುವ ಕಾಲದಲ್ಲಿ ಮೂರು ತಿಂಗಳು ಏನೇನೂ ಅಲ್ಲ. ಹೋಲಿಕೆಗಿಂತ ವ್ಯತ್ಯಾಸ ನೋಡಿದರೆ ಲಾಭ. ಎಕ್ಸ್-ಮೆನ್ ಹುಟ್ಟಿನಿಂದಲೇ ಬೇರೆಯವರು, ಹರೆಯದವರು, ಶಾಲೆಗೆ ಸೇರಿದವರು. ಡೂಮ್ ಪಟ್ರೋಲಿನವರು ಒಂದು ಕಾಲಕ್ಕೆ ಎಲ್ಲರಂತಿದ್ದು, ಹೆಸರು ಮಾಡಿ, ಆಮೇಲೆ ಕಳೆದುಕೊಂಡ ವಯಸ್ಕರು. ಹಾಗಾಗಿ ಇವರ ಕಹಿಯೇ ಬೇರೆ.

1968ರಲ್ಲಿ ಮಾರಾಟ ಕುಸಿದಿತ್ತು. ಸೆಪ್ಟೆಂಬರ್-ಅಕ್ಟೋಬರ್‌ನ 121ನೇ ಸಂಚಿಕೆಯಲ್ಲಿ ಚಿತ್ರಕಾರ ಮತ್ತು ಸಂಪಾದಕ ಸ್ವತಃ ಪುಟದೊಳಗೆ ಕಾಣಿಸಿಕೊಂಡು ಓದುಗರನ್ನು ಮಾತಾಡಿಸುತ್ತಾರೆ. ಕಥೆಯಲ್ಲಿ ಖಳ ಇಡುವ ಆಯ್ಕೆ ಸರಳ: ಒಂದೋ ನಿಮ್ಮ ಪ್ರಾಣ, ಇಲ್ಲವೇ ಕಾಡ್ಸ್‌ವಿಲ್ ಎಂಬ ಮೀನುಗಾರರ ಹಳ್ಳಿಯ 14 ಮಂದಿಯ ಪ್ರಾಣ. ಆ ಹಳ್ಳಿಯವರ ಪರಿಚಯ ಇವರಿಗಿಲ್ಲ. ಲೋಕ ಇವರನ್ನು ಮುದ್ದಾಡಿದ್ದೂ ಇಲ್ಲ. ನಾಲ್ವರೂ ತಮ್ಮ ಸಾವನ್ನೇ ಆರಿಸಿಕೊಳ್ಳುತ್ತಾರೆ. ಆ ಕಾಲದಲ್ಲಿ ಸರಣಿಯ ನಾಯಕರನ್ನೆಲ್ಲ ಕೊಂದು ಪತ್ರಿಕೆ ಮುಚ್ಚುವುದು ಕೇಳರಿಯದ ಸಂಗತಿ. ಕ್ಲಿಫ್ 1977ರಲ್ಲಿ ಹೊಸ ಮೈಯೊಡನೆ ಮರಳಿದ, ಲ್ಯಾರಿಯೂ ಬದುಕಿದ್ದನೆಂದಾಯಿತು. ರೀಟಾ ಬಹುಕಾಲ ಸತ್ತೇ ಇದ್ದಳು.

ಹೊಸಬರು ಇಲ್ಲಿ ಗಲಿಬಿಲಿಗೊಳ್ಳುತ್ತಾರೆ. ಸತ್ತವರು ಬರುತ್ತಾರೆ, ಹಳೆಯ ಘಟನೆಗೆ ಹೊಸ ಅರ್ಥ ಅಂಟುತ್ತದೆ. ಇದಕ್ಕೆ ಕಾಮಿಕ್ಸ್ ಬಳಗ 'ರೆಟ್‌ಕಾನ್' ಎನ್ನುತ್ತದೆ. ಯಕ್ಷಗಾನದ ಪ್ರಸಂಗ ನೋಡುವವರಿಗೆ ಇದು ಕಷ್ಟವಾಗಬಾರದು: ಕಥೆ ಮೊದಲೇ ಗೊತ್ತು, ಇವತ್ತಿನ ಅರ್ಥಧಾರಿ ಏನು ಹೊಳೆಸುತ್ತಾನೆ ಎಂಬುದೇ ಕುತೂಹಲ. ಡೂಮ್ ಪಟ್ರೋಲ್‌ಗೆ ಅಂಥ ಅರ್ಥಧಾರಿ ಸ್ಕಾಟ್ಲೆಂಡಿನ ಗ್ರಾಂಟ್ ಮಾರಿಸನ್. 1987ರಲ್ಲಿ ಶುರುವಾದ ಸರಣಿಯನ್ನು 1989ರಲ್ಲಿ, 19ನೇ ಸಂಚಿಕೆಯಿಂದ, ಚಿತ್ರಕಾರ ರಿಚರ್ಡ್ ಕೇಸ್ ಜೊತೆ ಕೈಗೆತ್ತಿಕೊಂಡ ಮಾರಿಸನ್, ಕ್ಲಿಫ್‌ನನ್ನು ಮಾನಸಿಕ ಆಸ್ಪತ್ರೆಯಲ್ಲಿ ಕೂರಿಸಿ ಕಥೆ ಆರಂಭಿಸಿದ. ಲೋಹದ ಮೈಯಲ್ಲಿ ಸ್ಪರ್ಶವಿಲ್ಲದೆ ಬದುಕುವುದೆಂದರೇನು ಎಂದು 1963ರ ಕಥೆ ಕೇಳಿದ್ದರೂ ನಿಂತು ಉತ್ತರ ಕೊಟ್ಟಿರಲಿಲ್ಲ. ಅಲ್ಲೇ ಕ್ಲಿಫ್‌ಗೆ ಜೇನ್ ಸಿಗುತ್ತಾಳೆ: ಒಂದೇ ಮೈಯಲ್ಲಿ 64 ವ್ಯಕ್ತಿತ್ವ, ಪ್ರತಿಯೊಂದಕ್ಕೂ ತನ್ನದೇ ಶಕ್ತಿ. ಮುಂದೆ ತಾನೇ ಒಂದು ಬೀದಿಯಾಗಿರುವ ಡ್ಯಾನಿ ಎಂಬ ಪಾತ್ರವೂ ಬರುತ್ತದೆ. ಬ್ರೇನ್ ಮತ್ತು ಮಲ್ಲಾ ಪರಸ್ಪರ ಪ್ರೀತಿ ತೋಡಿಕೊಳ್ಳುವ ಸಂಚಿಕೆ ನಗಿಸುತ್ತಲೇ ಎದೆ ಹಿಂಡುತ್ತದೆ.

ಮುಂದಿನದು ಗುಟ್ಟು, ಬೇಡವಾದವರು ಕಡೆಯ ಪ್ಯಾರಾಕ್ಕೆ ಹೋಗಿ. ಮಾರಿಸನ್‌ನ ಕಥೆಯಲ್ಲಿ ಆ ಮೂರೂ ಅಪಘಾತಗಳನ್ನು ಮಾಡಿಸಿದವನು ಚೀಫ್! ದುರಂತ ಮನುಷ್ಯರನ್ನು ಬೆಳೆಸುತ್ತದೆಂಬುದು ಅವನ ಸಿದ್ಧಾಂತ. ಇದನ್ನು ತಿಳಿದ ಮೇಲೆ 80ನೇ ಸಂಚಿಕೆಯನ್ನು ಮತ್ತೆ ಓದಿ. ಒಂದು ಗೆರೆಯೂ ಬದಲಾಗಿಲ್ಲ, ಆದರೆ ಕ್ಲಿಫ್‌ಗೆ ಮೈ ಕೊಟ್ಟ, ಲ್ಯಾರಿಗೆ ಬ್ಯಾಂಡೇಜು ತಯಾರಿಸಿದ ಆ ಕರುಣಾಳು ಗಡ್ಡಧಾರಿಯ ಪ್ರತಿ ಮಾತೂ ಬೇರೆಯಾಗಿ ಕೇಳುತ್ತದೆ. ಮೂಲಕಥೆಯ ಪುನರ್ವ್ಯಾಖ್ಯಾನ ಎಂದರೆ ಹೀಗಿರಬೇಕು. ಬರೀ ಅಚ್ಚರಿಗಾಗಿ ಮಾಡುವ ತಿರುವುಗಳಿಗೂ ಇದಕ್ಕೂ ಬಹಳ ದೂರ.

ಎಲ್ಲಿಂದ ಹಿಡಿಯಬೇಕು? ಮೊದಲು ಡ್ರೇಕ್-ಪ್ರೆಮಿಯಾನಿಯ ನಾಲ್ಕಾರು ಸಂಚಿಕೆ, ಚೀಫ್ ಗಾಲಿಕುರ್ಚಿಗೆ ಬಂದ ಕಥೆ ಹೇಳುವ 88ನೆಯದು ಸೇರಿ. ಬಳಿಕ ಮಾರಿಸನ್‌ನ 'ಕ್ರಾಲಿಂಗ್ ಫ್ರಮ್ ದ ರೆಕೇಜ್' ಸಂಪುಟ. ರೇಚಲ್ ಪೊಲ್ಯಾಕ್ ಬರೆದ ಮುಂದಿನ ಸಂಚಿಕೆಗಳಿಗೆ ಸಿಗಬೇಕಾದಷ್ಟು ಓದುಗರು ಸಿಕ್ಕಿಲ್ಲ, ಹುಡುಕಿ ಓದಿ. 2019ರಿಂದ 2023ರವರೆಗೆ ನಾಲ್ಕು ಸೀಸನ್ ಬಂದ ಟಿವಿ ಸರಣಿಯನ್ನು ಪುಸ್ತಕಗಳಾದ ಮೇಲೆ ನೋಡುವುದು ಒಳ್ಳೆಯದು. ಅದರಲ್ಲಿ ಕ್ಲಿಫ್‌ನ ದನಿ ಬ್ರೆಂಡನ್ ಫ್ರೇಸರ್‌ದು, ಲೋಹದ ವೇಷದೊಳಗಿನ ಮೈ ರೈಲಿ ಶಾನಹಾನ್‌ದು. ಫ್ರೇಸರ್‌ನ ಮುಖ ಕಾಣುವುದು ಮುಖ್ಯವಾಗಿ ಅಪಘಾತಕ್ಕೆ ಮುಂಚಿನ ದೃಶ್ಯಗಳಲ್ಲಿ.