ಕಳ್ಳನ ಕೈಗೆ ಕೀಲಿ

ನಮ್ಮ ಕಡೆ ಗುಡಿಯ ಫ್ಯಾನಿನ ಮೂರೂ ರೆಕ್ಕೆಗಳ ಮೇಲೆ ದಾನಿಯ ಹೆಸರು ಬರೆಸುವ ರೂಢಿ ಇದೆ. ಫ್ಯಾನ್ ತಿರುಗುವಾಗ ಆ ಹೆಸರು ಓದಲು ಬರುವುದಿಲ್ಲ, ಕರೆಂಟ್ ಹೋದಾಗಷ್ಟೇ ಕಾಣುತ್ತದೆ. ಒಂದು ಬೇಸಿಗೆಯ ಮಧ್ಯಾಹ್ನ ಅನಂತಪುರದ ಗುಡಿಯೊಂದರಲ್ಲಿ ಬೆವರು ಒರೆಸಿಕೊಳ್ಳುತ್ತ ಕೂತಿದ್ದಾಗ ಹಾಗೊಂದು ಹೆಸರು ಓದಿದೆ. ಸಕ್ಕರೆ ಕಾರ್ಖಾನೆಯೊಂದರ ದೊಡ್ಡವರದು. ಪಕ್ಕದಲ್ಲಿ ಕಂಬಕ್ಕೆ ಒರಗಿದ್ದ ಕಾಕಾ ಕೂಡ ಅದನ್ನೇ ನೋಡುತ್ತಿದ್ದರು. "ಕಬ್ಬು ಕಳಿಸಿ ಮೂರು ತಿಂಗಳಾತು, ಬಿಲ್ ಇನ್ನಾ ಬಂದಿಲ್ಲ. ಈ ಫ್ಯಾನ್ ನನ್ನ ರೊಕ್ಕದ್ದ ಇದ್ದೀತು ನೋಡು ತಮ್ಮಾ" ಅಂದರು. ಸಿಟ್ಟಿರಲಿಲ್ಲ, ನಗುತ್ತಲೇ ಅಂದರು.

ಉದ್ಯಮಿಗಳ ಔದಾರ್ಯವನ್ನು ಹೊಗಳುವ ಮೊದಲು ಕಾಕಾನ ಈ ಮಾತಿಗೆ ಉತ್ತರ ಕೊಡಬೇಕಾಗುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿದ 14 ದಿನಗಳೊಳಗೆ ರೈತನಿಗೆ ಹಣ ಸಲ್ಲಬೇಕು. ತಡವಾದರೆ ವರ್ಷಕ್ಕೆ ಶೇ. 15ರಂತೆ ಬಡ್ಡಿ. ಈ ಬಡ್ಡಿಯನ್ನು ಕೇಳಿ ಪಡೆದ ರೈತ ನನ್ನ ಕಣ್ಣಿಗಂತೂ ಬಿದ್ದಿಲ್ಲ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಧರಣಿ ಕೂತ ರೈತರು ಟನ್ನಿಗೆ 3,500 ರೂಪಾಯಿ ಕೇಳಿದರು, ಮಾತುಕತೆ 3,300ಕ್ಕೆ ಬಂದು ನಿಂತಿತು. ಆ ಇನ್ನೂರರ ಅಂತರವನ್ನು ತುಂಬಿಕೊಟ್ಟಿದ್ದರೂ ಅದಕ್ಕೆ ಔದಾರ್ಯ ಎನ್ನಲು ಬರುತ್ತಿರಲಿಲ್ಲ. ಅದು ವ್ಯವಹಾರ. ಬಾಕಿ ಉಳಿಸಿಕೊಂಡು ಜಾತ್ರೆಗೆ ಪೆಂಡಾಲ್ ಹಾಕಿಸಿದರೆ ಅದಕ್ಕೆ ಬೇರೆ ಹೆಸರಿದೆ, ಗುಡಿಯಲ್ಲಿ ಕೂತು ಅದನ್ನು ಆಡಲಾರೆ.

ದಾನವೆಲ್ಲ ಇಂಥದ್ದೇ ಎಂದಲ್ಲ. ಸಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಳ್ಳುವಾಗ ತಮ್ಮ ಸಂಸ್ಥಾನದ ಆಸ್ತಿಯನ್ನೇ ಮಕ್ಕಳ ಓದಿಗೆ ಬರೆದಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವರ ಹೆಸರು ಬಿದ್ದದ್ದು 1933ರಲ್ಲಿ, ಅವರು ಹೋಗಿ 27 ವರ್ಷದ ಮೇಲೆ, ಬೇರೆಯವರ ಕೈಯಿಂದ. ಫ್ಯಾನಿನ ರೆಕ್ಕೆಗೂ ಇದಕ್ಕೂ ಇರುವ ದೂರ ಅಳೆಯಲು ಇಷ್ಟು ಸಾಕು. ಆದರೆ ದೇಸಾಯರು ಜಮೀನ್ದಾರರು, ಕೊಟ್ಟದ್ದು ಉಯಿಲಿನಲ್ಲಿ. ನಾಳೆ ಬೆಳಿಗ್ಗೆ ಮತ್ತೆ ಕಾರ್ಖಾನೆಯ ಬಾಗಿಲು ತೆರೆಯಬೇಕಾದವನು, ಸಂಬಳ ಎಣಿಸಬೇಕಾದವನು ಏನು ಕೊಟ್ಟಾನು?

ಸಿರಸಂಗಿ ಇರುವ ಸವದತ್ತಿ ಸೀಮೆಯಲ್ಲೇ ಗುರ್ಲಹೊಸೂರು ಇದೆ. ಲಕ್ಷ್ಮಣರಾವ್ ಕಿರ್ಲೋಸ್ಕರ 1869ರಲ್ಲಿ ಹುಟ್ಟಿದ್ದು ಅಲ್ಲಿ. ಚಿತ್ರ ಬರೆಯುವ ಹುಚ್ಚಿನಿಂದ ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದ ಹುಡುಗನಿಗೆ ಬಣ್ಣಗುರುಡು ಇತ್ತು. ಬಣ್ಣ ಬಿಟ್ಟು ಯಂತ್ರದ ನಕ್ಷೆ ಹಿಡಿದ, ಅದನ್ನೇ ಪಾಠ ಹೇಳಿದ, ಕೊನೆಗೆ ಅಣ್ಣನ ಜೊತೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿಗೆ ಬಂದು ಕೂತ. ಆಮೇಲೆ ಕಣಿಕಿ ಕತ್ತರಿಸುವ ಯಂತ್ರ, ಅದರ ಹಿಂದೆ ಕಬ್ಬಿಣದ ರಂಟಿ. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆಂದು ರೈತರು ಹತ್ತಿರ ಬರಲಿಲ್ಲ; ರಂಟಿ ಮಾರಾಟವಾಗಲು ಎರಡು ವರ್ಷ ಹಿಡಿಯಿತಂತೆ. ಅಷ್ಟರಲ್ಲಿ ಬೆಳಗಾವಿಯ ಜಾಗವೂ ಕೈಬಿಟ್ಟಿತು. ಕರೆದು ನೆಲ ಕೊಟ್ಟವರು ಔಂಧ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ. ಪಾಪಾಸುಕಳ್ಳಿ, ಹಾವು, ಕಲ್ಲು ತುಂಬಿದ ಆ ಬರಡಿನಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಮಿರಜ ದಾಟಿ ಪುಣೆಗೆ ಹೋಗುವಾಗ ಈಗಲೂ ಆ ಸ್ಟೇಶನ್ ಸಿಗುತ್ತದೆ.

ಅಲ್ಲಿ ಕಾರ್ಖಾನೆಯ ಕೆಲಸಗಾರರಿಗೆ ಮನೆ ಕಟ್ಟಿಸಿದರು, ಅಸ್ಪೃಶ್ಯತೆ ಆಚರಿಸಕೂಡದೆಂದರು. ಒಳ್ಳೆಯದೇ. ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಇನ್ನೊಂದು ಸಂಗತಿ. ಸುತ್ತ ಬಯಲು, ಒಳಗೆ ಸಾಮಾನು. ರಾತ್ರಿ ಕಾವಲಿಗೆ ಲಕ್ಷ್ಮಣರಾಯರು ಆರಿಸಿಕೊಂಡದ್ದು ಜೈಲು ಕಂಡು ಬಂದವರನ್ನು, ತುಕಾರಾಮ ರಾಮೋಶಿಯಂಥವರನ್ನು. ಪೊಲೀಸರ ಕಡತದಲ್ಲಿ ರಾಮೋಶಿ ಎಂಬ ಜಾತಿಯ ಹೆಸರೇ ಸಂಶಯವಾಗಿದ್ದ ಕಾಲ ಅದು. ಕಳ್ಳನ ಕೈಗೆ ಕೀಲಿ ಕೊಟ್ಟಂತೆ ಎಂದು ನಾವು ಮೂರ್ಖತನಕ್ಕೆ ಆಡುವ ಮಾತನ್ನು ಆ ಮನುಷ್ಯ ಅಕ್ಷರಶಃ ಮಾಡಿದ. ಅದೇ ಜನ ಕಾರ್ಖಾನೆಯ ನಂಬಿಗಸ್ತರಾದರು.

ಇದರಲ್ಲಿ ಲೆಕ್ಕಾಚಾರವೂ ಇದ್ದೀತು. ಕಳ್ಳರ ದಾರಿ ಬಲ್ಲವನಿಗಿಂತ ಒಳ್ಳೆಯ ಕಾವಲುಗಾರ ಎಲ್ಲಿ ಸಿಕ್ಕಾನು? ಇದ್ದರೆ ಇರಲಿ, ಲಾಭ ಬಂತೆಂಬ ಕಾರಣಕ್ಕೆ ಔದಾರ್ಯ ಮೈಲಿಗೆಯಾಗುವುದಿಲ್ಲ. ರೊಕ್ಕ ಕೊಡುವವನು ಮಿಕ್ಕದ್ದರಲ್ಲಿ ಕೊಡುತ್ತಾನೆ. ಕೀಲಿ ಕೊಡುವವನು ಉಳಿದದ್ದನ್ನೂ ಕಳೆದುಕೊಳ್ಳಲು ತಯಾರಾಗಿ ಕೊಡುತ್ತಾನೆ. ತೂಕ ಇರುವುದು ಅಲ್ಲಿ.

ನನ್ನ ತಕರಾರು ಬೇರೆ ಕಡೆಗಿದೆ. ಕಿರ್ಲೋಸ್ಕರವಾಡಿ ಧಣಿಯ ಊರು. ಕೆಲಸ, ಮನೆ, ಬೀದಿಯ ಶಿಸ್ತು ಎಲ್ಲ ಒಬ್ಬರ ಅಂಕಿತದಲ್ಲಿ. ಅಂಥ ಊರಿನಲ್ಲಿ ಕೆಲಸ ಹೋದವನಿಗೆ ಸೂರೂ ಹೋಗುತ್ತದೆ. ಧಣಿ ಒಳ್ಳೆಯವನಾದದ್ದು ಆ ಜನರ ಪುಣ್ಯ, ಆದರೆ ಪುಣ್ಯವನ್ನು ಯಾರೂ ಹಕ್ಕಿನಿಂದ ಕೇಳುವ ಹಾಗಿಲ್ಲ. ಲಕ್ಷ್ಮಣರಾಯರು ಗೋದಾಮಿನ ಕೀಲಿ ಕೊಟ್ಟರು, ಊರಿನ ಕೀಲಿ ತಮ್ಮಲ್ಲೇ ಇಟ್ಟುಕೊಂಡರು.

ಊರಿನ ಕೀಲಿಯನ್ನೂ ಕೊಟ್ಟವರು ಅವರಿಗೆ ನೆಲ ಕೊಟ್ಟ ಅದೇ ರಾಜರು. 72 ಹಳ್ಳಿಗಳ ಸಣ್ಣ ಸಂಸ್ಥಾನ ಔಂಧ, ಅದೂ ಹರಿದು ಚದುರಿದ್ದು; ಒಂದು ತುಣುಕು ನಮ್ಮ ವಿಜಯಪುರ ಜಿಲ್ಲೆಯ ಗುಣದಾಳದಲ್ಲಿತ್ತು, ಕನ್ನಡದ ನೆಲದಲ್ಲಿ. 1938ರಲ್ಲಿ ರಾಜರು ಆಡಳಿತವನ್ನು ಪ್ರಜೆಗಳಿಗೆ ಬಿಡುವುದಾಗಿ ಸಾರಿದರು, 1939ರ ಜನವರಿಯಲ್ಲಿ ಸಂವಿಧಾನವೇ ಬಂತು. ಕರಡಿನ ಹಿಂದೆ ಗಾಂಧೀಜಿ ಇದ್ದರು, ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆ ನಡೆಸುತ್ತಿದ್ದ ಪೋಲೆಂಡಿನ ಎಂಜಿನಿಯರ್ ಮಾರಿಸ್ ಫ್ರೈಡ್‌ಮನ್ ಇದ್ದರು. ಹಳ್ಳಿಯ ಪಂಚಾಯ್ತಿಗೆ ಖರ್ಚಿನ ಅಧಿಕಾರ, ನ್ಯಾಯದ ಅಧಿಕಾರ. ಬ್ರಿಟಿಷರು ಇನ್ನೂ ಗಟ್ಟಿಯಾಗಿ ಕೂತಿದ್ದಾಗ, ಯಾರೂ ಕಸಿಯದೆ, ಅಧಿಕಾರವನ್ನು ತಾವೇ ಬಿಟ್ಟುಕೊಟ್ಟದ್ದು.

ಅದೇ ಸಂಸ್ಥಾನದ ಅಟಪಾಡಿಯ ಬಳಿ ಸ್ವತಂತ್ರಪುರ ಎಂದು ಒಂದು ಜೈಲು ಮಾಡಿದರು, ಗೋಡೆ ಇಲ್ಲದ್ದು. ಕೊಲೆ ಮಾಡಿ ಶಿಕ್ಷೆಯಾದವರು ಅಲ್ಲಿ ಹೊಲ ಉಳುತ್ತಿದ್ದರು. ವಿ. ಶಾಂತಾರಾಮರ 1957ರ 'ದೋ ಆಂಖೇಂ ಬಾರಹ್ ಹಾಥ್' ಹುಟ್ಟಿದ್ದು ಈ ಪ್ರಯೋಗದಿಂದ. ಸಿನಿಮಾ ನೋಡಿದವರಿಗೆ ದಯಾಳು ಜೈಲರ್ ನೆನಪಿರುತ್ತಾನೆ. ನನಗೆ ಒಬ್ಬ ಒಳ್ಳೆಯವನ ಸುತ್ತ ಸುತ್ತುವ ಆ ಕಥೆಗಿಂತ ಕಾಯ್ದೆಯಲ್ಲಿ ಬರೆದಿಟ್ಟ ಔಂಧದ ಪ್ರಯೋಗ ದೊಡ್ಡದೆನಿಸುತ್ತದೆ; ರಾಜ ನಾಳೆ ಮನಸ್ಸು ಬದಲಿಸಿದರೂ ಕಾಗದ ಪ್ರಜೆಗಳ ಕೈಯಲ್ಲಿತ್ತು. ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಕರಗಿತು, ಪ್ರಜೆಗಳ ಆಡಳಿತದ ಪ್ರಯೋಗ ಅಷ್ಟಕ್ಕೇ ನಿಂತಿತು.

ಈ ಕಥೆಯನ್ನು ಅವತ್ತು ಗುಡಿಯಲ್ಲಿ ಕಾಕಾಗೆ ಹೇಳಿದೆ. ಕಾವಲಿನ ಭಾಗ ಬಂದಾಗ ಅವರು ಕಂಬ ಬಿಟ್ಟು ನೆಟ್ಟಗೆ ಕೂತರು. ಕಾರ್ಖಾನೆಯ ಗೇಟಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ತೂಗುವ ಕಾಟಾ ಇರುತ್ತದಲ್ಲ, ನಮ್ಮ ರೈತರ ಅರ್ಧ ಸಂಶಯ ಇರುವುದು ಅಲ್ಲೇ. ಒಳಗೆ ಕೂತವನು ಬಟನ್ ಒತ್ತುತ್ತಾನೆ, ಚೀಟಿ ಬರುತ್ತದೆ, ಚೀಟಿ ಹೇಳಿದ್ದೇ ತೂಕ.

"ಕಾಕಾ, ಆ ಕಾಟಾದ ಮುಂದ ನಿಮ್ಮನ್ನ ಕುಂಡ್ರಿಸಿದ್ರ?"

ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಕರೆಂಟ್ ಬಂತು, ಫ್ಯಾನ್ ಮೆಲ್ಲಗೆ ತಿರುಗತೊಡಗಿ ಹೆಸರು ಕಲಸಿಹೋಯಿತು.

"ಹಂಗ ಯಾವಾವ ಕುಂಡ್ರಿಸ್ತಾನ," ಅಂದರು, "ಅವನ ಬಿಲ್ ನಾಕು ದಿನ ತಡ ಆದ್ರೂ ನಾ ಕೇಳಾಂಗಿಲ್ಲ ತಮ್ಮಾ."